ರೊಟ್ಟಿ ಬಡಿಯೋ ಸಪ್ಪಳ

ಕೊಪ್ಪಳಕ್ಕ ಹೋಗಿ ಕಿವಿಗೆ ಮಷೀನ್ ಹಾಕಿಸಿಕೊಂಡು ಬಂದೆ. ಮಂದಿ ಮಾತೆಲ್ಲಾ ಛಲೋ ಕೇಳ್ತಿತ್ತು, ಆದರ ಸೊಸಿ ರೊಟ್ಟಿ ಬಡಿಯೋ ಸಪ್ಪಳ ಮಾತ್ರ ಕೇಳವಲ್ದಾತು. ಸಣ್ಣಾಕಿದ್ದಾಗ ನಮ್ಮವ್ವ ನನ್ನ ಎಬ್ಬಿಸ್ತಿದ್ದದ್ದು ಅದೇ ಸಪ್ಪಳದಿಂದ.

ಮತ್ತ ಬಸ್ ಹತ್ತಿದೆ. ಮಷೀನ್ ಕೊಟ್ಟ ಹುಡುಗಿ ನಕ್ಕಳು. "ಅಜ್ಜೀ, ಮಾತು ಕೇಳಲಿ ಅಂತ ಬ್ಯಾಡಾದ ಗದ್ದಲ ಮಷೀನೇ ತಗದುಬಿಡ್ತೈತ್ರಿ."

"ಬ್ಯಾಡಂತ ಅದಕ್ಕ ಯಾರು ಹೇಳಿದ್ರವ್ವಾ?" ಅಂದು ಆಕಿ ಟೇಬಲ್ ಮ್ಯಾಲೆ ಬರೇ ಕೈಲೇ ರೊಟ್ಟಿ ಬಡದು ತೋರಿಸಿದೆ. ಹೊರಗ ಕುಂತವರೆಲ್ಲಾ ಇಣುಕಿದ್ರು. ಆಕಿ ಮೊಬೈಲ್‌ನ್ಯಾಗ ಏನೋ ಒತ್ತಿ ಸರಿ ಮಾಡಿದಳು.

ಮರುದಿನ ಹಾಸಿಗ್ಯಾಗ ಇದ್ದಾಗನ ಟಪಟಪ ಕೇಳಿಸ್ತು. "ಯವ್ವಾ" ಅಂತ ಎದ್ದು ಕುಂತೆ. ಸಪ್ಪಳದ ಜೋಡಿ ಸೊಸಿ ಗೊಣಗೋದೂ ಕೇಳಿಸ್ತು ಬಿಡ್ರಿ. ಅದನ್ನ ತಗಸಾಕ ಮತ್ತ ಕೊಪ್ಪಳಕ್ಕ ಹೋಗಲಿಲ್ಲ. ನಮ್ಮವ್ವನೂ ಗೊಣಗಿಕೋತನ ಬಡೀತಿದ್ದಳು.