ಚಣಹೊತ್ತಿನ ಗ್ರಹಣದಲ್ಲಿ ಕೊಟ್ಟ ಹೊಲ

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಹೊರಟ ಬಸ್ಸಿನಲ್ಲಿ ಸೀಟು ಸಿಕ್ಕಿದ್ದೇ ಆ ಭಾನುವಾರದ ಮೊದಲ ಶುಭಶಕುನ. ವಾರವಿಡೀ ಅರಿಶಿನ ಮಂಡಿಯಲ್ಲಿ ಗುಮಾಸ್ತನಾದ ನನಗೆ ರಜೆ ಬಂದರೆ ಶಾಸನಗಳ ಹುಚ್ಚು. ಗುಂಡ್ಲುಪೇಟೆಯಾಚೆಯ ಹಳ್ಳಿಯೊಂದರಲ್ಲಿ, ಸೂರ್ಯಗ್ರಹಣದ ದಿನ ರಾಜನೊಬ್ಬ ಹೊಲ ದಾನ ಕೊಟ್ಟ ಹಳೇ ಕಲ್ಲಿತ್ತು. ಅದರ ವರ್ಷ, ತಿಥಿ ಹಿಡಿದು ಇಂಟರ್‌ನೆಟ್ ಸೆಂಟರಿನಲ್ಲಿ ಹುಡುಕಿದಾಗ ಅದು ಅಪರೂಪದ ಮಿಶ್ರ ಗ್ರಹಣವೆಂದು ತಿಳಿಯಿತು: ಭೂಮಿಯ ಕೆಲವು ಕಡೆ ಸೂರ್ಯ ಬಳೆಯಂತೆ ಕಂಡು, ಕೆಲವು ಕಡೆ ಪೂರ್ತಿ ಮುಚ್ಚಿಹೋದದ್ದು. ಇದನ್ನು ಯಾರಿಗಾದರೂ ಹೇಳದಿದ್ದರೆ ನನಗೆ ಹೊಟ್ಟೆಯುಬ್ಬರ.

ಗುಂಡ್ಲುಪೇಟೆಯಲ್ಲಿ ಇಳಿದಾಗಲೇ ಬಿಸಿಲು ಚುರುಗುಟ್ಟುತ್ತಿತ್ತು. ಕೇರಳಕ್ಕೆ ಹೊರಟ ಈರುಳ್ಳಿ ಲಾರಿಗಳ ಸಾಲು ದಾಟಿ, ನಾಲ್ಕು ಇಡ್ಲಿ ತಿಂದು ಆಟೋ ಹತ್ತಿದೆ. ಡಾಂಬರು ಮುಗಿದಲ್ಲಿ ಆಟೋದವನ ಉತ್ಸಾಹವೂ ಮುಗಿಯಿತು. ಉಳಿದ ದಾರಿ ನಡೆದೆ.

ಕಲ್ಲು ಪುಟ್ಟಮ್ಮನವರ ಹೊಲದ ಬದುವಿನಲ್ಲಿತ್ತು. ಆ ಹೊಲ ರಾಜನ ದಾನದಿಂದಲೇ ಅವರ ಮನೆತನಕ್ಕೆ ಬಂದದ್ದೆಂದು ಊರಿನ ನಂಬಿಕೆ. ಆಕೆ ಗಳ ಹಿಡಿದು ಪಡುವಲ ಬದುವಿನ ಮರದಿಂದ ಹುಣಸೆಹಣ್ಣು ಬಡಿಯುತ್ತಿದ್ದರು. ವರ್ಷದ ಕೈಗಾಸೆಲ್ಲ ಆ ಒಂದು ಮರದ್ದೇ. ಆ ಬದುವಿನಾಚೆಯ ಹೊಲದ ನಂಜಪ್ಪ ನೆರಳಲ್ಲಿ ಕೂತು ನೋಡುತ್ತಿದ್ದ.

"ಉಂಡೇ ಓಗ್ಬೇಕು ಸಾ, ಮುದ್ದೆ ಅವ್ರೆಕಾಳ್ ಸಾರು" ಎಂದರು ಪುಟ್ಟಮ್ಮ. ನನಗೆ ಹುಮ್ಮಸ್ಸು ಬಂತು. ಕಲ್ಲಿಗೆ ನೀರೆರಚಿ ಗಡಿಗಳನ್ನು ಓದತೊಡಗಿದೆ: ಮೂಡಲು ಬಂಡೆ, ತೆಂಕಲು ದಾರಿ, ಪಡುವಲು ಹುಣಸೆಮರ. ಅಲ್ಲಿಗೆ ನಿಲ್ಲಿಸಿ ನನ್ನ ಗ್ರಹಣಪುರಾಣ ಬಿಚ್ಚಿದೆ. ಮಿಶ್ರ ಗ್ರಹಣವಾದ್ದರಿಂದ ಇಲ್ಲಿ ಕತ್ತಲಾದದ್ದು ಕೆಲವೇ ಸೆಕೆಂಡು ಎಂದೆ.

ನಂಜಪ್ಪ ದಡಕ್ಕನೆ ಎದ್ದ. "ಅಂಗಾದ್ರೆ ರಾಜ ಮೂಡ್ಲು ಅನ್ನೋದ್ರೊಳ್ಗೇ ಗ್ರಾಣ ಬುಟ್ಟೋಯ್ತು! ಪಡುವಲಗಡಿ ಹೇಳಿದ್ದು ಬಿಸ್ಲಲ್ಲಿ. ಗ್ರಾಣ ಬುಟ್ಮೇಲೆ ಕೊಟ್ಟಿದ್ದು ದಾನವಾ ಪುಟ್ಟಮ್ಮಕ್ಕ? ಮರ ನನ್ ಕಡೀಕೆ ಸೇರ್ತದೆ ಕಣಕ್ಕ."

ಪುಟ್ಟಮ್ಮ ಗಳ ಕೆಳಗಿಟ್ಟು ನನ್ನನ್ನೇ ನೋಡಿದರು. "ಇದ ಹೇಳಕೆ ಅಷ್ಟು ದೂರದಿಂದ ಬಂದ್ರಾ ಸಾ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಕೆಯ ಮುಖ ನೋಡಿ ನಿಜಕ್ಕೂ ಸಂಕಟವಾಯಿತು. ಮುದ್ದೆ ಕೈತಪ್ಪುವ ಸಂಕಟವೂ ಸ್ವಲ್ಪ ಸೇರಿತ್ತು. "ಪೂರ್ತಿ ಕತ್ತಲು ಮಾತ್ರ ಚಣಹೊತ್ತು ತಾಯಿ. ಸೂರ್ಯನಿಗೆ ಗ್ರಹಣ ಹಿಡಿದು ಬಿಡೋಕೆ ಎರಡು ಮೂರು ಗಂಟೆ ಆಗುತ್ತೆ" ಎಂದು ತೊದಲಿದೆ.

"ಕೇಳ್ಕಂಡ್ಯಾ ನಂಜ?" ಪುಟ್ಟಮ್ಮ ಸೊಂಟಕ್ಕೆ ಕೈಯಿಟ್ಟರು. "ಗ್ರಾಣ್ದಲ್ಲಿ ಉಣ್ಣಂಗಿಲ್ಲ, ಮನೀಕಳಂಗಿಲ್ಲ. ಮೂರ್ ಗಂಟೆ ಗಡಿ ಹೇಳದ್ ಬುಟ್ಟು ಆ ರಾಜಂಗೆ ಇನ್ನೇನ್ಲಾ ಕೆಲ್ಸ ಇತ್ತು?"

ನಂಜಪ್ಪ ಮತ್ತೆ ನೆರಳಿಗೆ ಹೋಗಿ ಕೂತ. ಮುದ್ದೆ ಬಂತು, ಅವನಿಗೂ ಒಂದು ಬಡಿಸಿದರು. ಮಜ್ಜಿಗೆ ಹೊತ್ತಿಗೆ ಪುಟ್ಟಮ್ಮ ಮೆಲ್ಲಗೆ ಕೇಳಿದರು: "ಬಡಗಲು ಎಲ್ಲೀಗಂಟ ಬರೆಸವ್ನೆ ಸಾ?"

ಕಲ್ಲಿನಲ್ಲಿ ಸ್ಪಷ್ಟವಾಗಿತ್ತು: ಕೆರೆಯ ಕೋಡಿಯವರೆಗೆ. ಹೊಲಕ್ಕೂ ಕೋಡಿಗೂ ನಡುವೆ ಇದ್ದದ್ದು ನಂಜಪ್ಪನ ಮನೆ, ಕೊಟ್ಟಿಗೆ, ಹೊಸದಾಗಿ ಸುಣ್ಣ ಬಳಿದ ಗೋಡೆ. ಅವನ ಮಜ್ಜಿಗೆಲೋಟ ಬಾಯಿಯ ಹತ್ತಿರವೇ ನಿಂತಿತು.

"ಅಲ್ಲಿ ಅಕ್ಷರ ಸವೆದುಹೋಗಿದೆ ತಾಯಿ" ಎಂದೆ. ಗೊತ್ತಿದ್ದನ್ನು ನಾನು ಹೇಳದೆ ಬಿಟ್ಟದ್ದು ಅದೇ ಮೊದಲು.

ಬಸ್‌ಸ್ಟ್ಯಾಂಡಿಗೆ ಬಿಡುತ್ತೇನೆಂದು ನಂಜಪ್ಪನೇ ಅವಸರದಲ್ಲಿ ಮೊಪೆಡ್ ತೆಗೆದ. ಪುಟ್ಟಮ್ಮ ಕೊಟ್ಟ ಹುಣಸೆಹಣ್ಣಿನ ಗಂಟು ನನ್ನ ತೊಡೆಯ ಮೇಲಿತ್ತು. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಪುಟ್ಟಮ್ಮ ಸೆರಗು ಸಿಕ್ಕಿಸಿ, ಬಿಂದಿಗೆ ನೀರು ಸುರಿದು, ತೆಂಗಿನ ನಾರಿನಿಂದ ಆ ಕಲ್ಲನ್ನು ಗಸಗಸ ಉಜ್ಜುತ್ತಿದ್ದರು.