ಹೆಳವನ ಜೋಳಿಗೆಗೆ ಬಿದ್ದ ಕಾಳು

೧೯೩೪ರ ಜನವರಿ ಹತ್ತು. ಆಕಾಶ ತಿಳಿಯಾಗಿತ್ತು, ಗಾಳಿ ತಣ್ಣಗಿತ್ತು. ಶಹಾಬಾದಿನ ಕಲ್ಲುಗಣಿಯಲ್ಲಿ ನಾನು ಅಮೆರಿಕದ ಇಂಜಿನಿಯರ್ ಸಾಹೇಬರಿಗೆ ದುಭಾಷಿಯಾಗಿದ್ದೆ. ಮನೆತನಗಳ ವಂಶಾವಳಿ ಹಾಡುವ ಹೆಳವನೊಬ್ಬ ಎತ್ತಿನ ಮೇಲೆ ಬಂದು ಅವರ ಬಂಗಲೆಯ ಮುಂದೆ ಗಂಟೆ ಬಾರಿಸಿದ. ತಮ್ಮ ವಂಶವನ್ನೂ ಹಾಡುತ್ತಾನೇನು ಎಂದು ಸಾಹೇಬರು ನನ್ನಿಂದ ಕೇಳಿಸಿದರು.

“ನೀವು ಹೇಳ್ರಿ, ನಾ ಹಾಡ್ತೀನಿ. ಮೂಲಪುರುಷ ಯಾರು?”

ಹಡಗಿನಲ್ಲಿ ಬಂದು, ಕಾಡು ಕಡಿದು ನೆಲೆನಿಂತ ಅಜ್ಜನಿಂದ ಸಾಹೇಬರು ಶುರುಮಾಡಿದರು.

“ಹಡಗ ಹತ್ತೋಕಿಂತ ಮೊದಲು?”

ಸಾಹೇಬರಿಗೆ ಗೊತ್ತಿರಲಿಲ್ಲ.

“ಇರ್ಲಿ ಬಿಡ್ರಿ. ನಮ್ಮ ಕೊಡ್ಲಿ ಊರ ಗೌಡ್ರ ಮೂಲಪುರುಷ ಎಲ್ಲಿಂದ ಓಡಿ ಬಂದನೋ, ಅದನ್ನೂ ಯಾರೂ ಕೇಳಂಗಿಲ್ಲ. ಸಾಹೇಬ್ರಿಗೆ ಮಕ್ಕಳು?”

ಇದನ್ನು ನಾನು ಅನುವಾದಿಸಲಿಲ್ಲ. “ಒಂದು ಹೆಣ್ಣು ಕೂಸಿತ್ತು. ದೀಪಾವಳಿ ಮುಂದ ತೀರಿಕೊಂಡಿತು. ಅದನ್ನ ಬಿಡಪ್ಪಾ,” ಎಂದೆ.

“ಬಿಡಾಕ ಬರಂಗಿಲ್ರಿ ಮುನ್ಷಿಯವರ. ಹುಟ್ಟಿದ ಮ್ಯಾಲ ಹೆಸರು ಬರಬೇಕು.”

ಹೆಸರು ಹೇಳಿದೆ. ಅವನು ಆ ಅಜ್ಜನಿಂದ ಹಾಡುತ್ತ ಬಂದು, “ಶಹಾಬಾದದಾಗ ಆಡಿದ ಮಗಳು ರೂತಮ್ಮಾ” ಎಂದು ನಿಲ್ಲಿಸಿದ. ಅಷ್ಟು ಹಾಡಿನಲ್ಲಿ ಮೇಮ್‌ಸಾಹೇಬರಿಗೆ ಅರ್ಥವಾದದ್ದು ಆ ಒಂದು ಹೆಸರು. ಅವರು ಬಾಗಿಲಿಗೆ ಬಂದು ನಿಂತರು.

ಸಾಹೇಬರು ರೂಪಾಯಿ ತೆಗೆದರು. “ರೊಕ್ಕ ಬ್ಯಾಡ್ರಿ. ಹಾಡಿದ ಮನಿ ಕಾಳು ಬೇಕು,” ಎಂದ ಹೆಳವ.

ಪೇಟೆಯ ಡಬಲ್ ರೊಟ್ಟಿ ತಿನ್ನುವ ಮನೆಯಲ್ಲಿ ಕಾಳೆಲ್ಲಿ? ಮೇಮ್‌ಸಾಹೇಬರು ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಹೆಳವ ಮೂಸಿ ನೋಡಿ, “ಇದು ಯಾವ ಊರ ಕಾಳೋ!” ಎನ್ನುತ್ತ ಎಲ್ಲವನ್ನೂ ಜೋಳಿಗೆಗೆ ಸುರಿದುಕೊಂಡು, ಡಬ್ಬಿಯನ್ನು ಅವರ ಕೈಗೇ ವಾಪಸು ಕೊಟ್ಟ.

ಅದು ಕೂಸಿನ ಗಂಜಿಗೆಂದು ತರಿಸಿದ್ದ ಓಟ್ಸ್. ದೀಪಾವಳಿಯಿಂದ ಆ ಡಬ್ಬಿಯನ್ನು ಯಾರೂ ಮುಟ್ಟಿರಲಿಲ್ಲ.