ದುಪಟ್ಟಾ ಹೊದ್ದ ದೊಡ್ಡಬಸಪ್ಪ

ಬಾದನಹಟ್ಟಿಯ ದೊಡ್ಡಬಸಪ್ಪ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಮಗಳ ಹಳದಿ ದುಪಟ್ಟಾವನ್ನು ತಲೆತುಂಬ ಹೊದ್ದುಕೊಂಡು ಎಮ್ಮೆಯ ಮಗ್ಗುಲಲ್ಲಿ ಕೂರುತ್ತಾನೆ. ಊರಿನವರಿಗೆ ಈಗ ಅದು ಸುದ್ದಿಯಲ್ಲ. ಹೊಸಬರು ಮಾತ್ರ ಬೀದಿಯಲ್ಲಿ ಬೈಕು ನಿಲ್ಲಿಸಿ ನೋಡುತ್ತಾರೆ. ಆಗ ದುಪಟ್ಟಾದೊಳಗಿಂದ ದಪ್ಪ ಮೀಸೆಯೊಂದು ಹೊರಬಂದು, "ಏನ್ ನೋಡ್ತಿ? ಎಮ್ಮಿ ನೋಡಿಲ್ಲೇನು?" ಎಂದು ಗದರುತ್ತದೆ.

ಆ ಮೀಸೆಗೆ ಈ ಗತಿ ಬಂದದ್ದು ಅವನ ಒಬ್ಬಳೇ ಮಗಳು ಸುಧಾರಾಣಿ ಪಿಯುಸಿ ಪಾಸಾದ ಬೇಸಿಗೆಯಲ್ಲಿ.

ಅವಳ ಮುಂದೆ ಎರಡು ದಾರಿ ಇದ್ದವು. ಒಂದು, ಊರ ಹಾಲಿನ ಡೈರಿಯಲ್ಲಿ ಕೆಲಸ. ಯಂತ್ರಕ್ಕೆ ಹಾಲು ಹಾಕಿ, ಕೊಬ್ಬು ನೋಡಿ, ಚೀಟಿ ಹರಿದು ಕೊಡುವುದು. ಡೈರಿಯ ಕಾರ್ಯದರ್ಶಿ ವಿರೂಪಾಕ್ಷಪ್ಪ ತಾನಾಗಿಯೇ ಮನೆಗೆ ಬಂದು ಕರೆದಿದ್ದ. ಇನ್ನೊಂದು, ಬಳ್ಳಾರಿಯ ಕಾಲೇಜು. ಬಿಎ ಓದಿ, ಆಮೇಲೆ ಬಿಎಡ್ ಮಾಡಿ, ಟೀಚರ್ ಆಗುವುದು. ಇದಕ್ಕೆ ಯಾರೂ ಕರೆದಿರಲಿಲ್ಲ. ಅವಳೇ ಐದನೇ ಕ್ಲಾಸಿನಿಂದ ಹೊರಟು ನಿಂತಿದ್ದಳು.

"ಮನಿ ಮಗ್ಗಲ ನೌಕರಿ ಬಿಟ್ಟು ಬಳ್ಳಾರಿಗೆ ಯಾಕ ಹೋಗಬೇಕು?" ಎಂದ ದೊಡ್ಡಬಸಪ್ಪ. "ನೀ ಮುಂಜಾನಿ ಬಸ್ ಹತ್ತಿದ್ರ ಸಿರಿಗೇರಮ್ಮನ್ನ ಯಾರು ಹಿಂಡಬೇಕು?"

ಸಿರಿಗೇರಮ್ಮ ಅವರ ಎಮ್ಮೆ. ಸಿರುಗುಪ್ಪ ತಾಲೂಕಿನ ಸಿರಿಗೇರಿಯಿಂದ ತಂದದ್ದು. ತವರೂರ ಹೆಸರಲ್ಲೇ ಕರೆಸಿಕೊಳ್ಳುವ ಸೊಸೆಯ ಗತ್ತು ಅದಕ್ಕಿತ್ತು. ಬಂದಾಗಿನಿಂದ ಸುಧಾರಾಣಿಯ ಕೈಗಲ್ಲದೆ ಯಾರ ಕೈಗೂ ಹಾಲು ಇಳಿಸಿದ್ದಿಲ್ಲ. ತಾಯಿ ಚನ್ನವೀರಮ್ಮನನ್ನು ಹೋದ ವರ್ಷ ಒದ್ದಿತ್ತು. ಅಂದಿನಿಂದ ಅವರಿಬ್ಬರಿಗೂ ಮಾತಿರಲಿಲ್ಲ.

"ನೀ ಹಿಂಡಪ್ಪ," ಎಂದಳು ಸುಧಾರಾಣಿ.

"ನಾನಾ?"

"ಯಾಕ, ಬರಂಗಿಲ್ಲೇನು?"

"ಅವರಿಗೆಲ್ಲಿ ಬರತೈತಿ," ಅಡುಗೆಮನೆಯಿಂದ ಚನ್ನವೀರಮ್ಮ ಕೂಗಿದಳು. "ಎಮ್ಮಿ ಹಿಂಡೋದಂದ್ರ ಮೀಸಿ ತಿರುವಿದಂಗಲ್ಲ!"

ದೊಡ್ಡಬಸಪ್ಪ ಎದ್ದು ನಿಂತ. "ನನಗ ಬರಂಗಿಲ್ಲಾ? ಸೋಮವಾರದೊಳಗ ಒಂದು ಚೊಂಬು ಹಿಂಡಿ ತೋರಿಸ್ತೀನಿ."

ಸೋಮವಾರ ಕಾಲೇಜು ಸೇರಲು ಕಡೆಯ ದಿನ. ಸುಧಾರಾಣಿ ಮಾತನ್ನು ಅಲ್ಲೇ ಹಿಡಿದಳು. "ಆತು. ಚೊಂಬು ತುಂಬಿದ್ರ ನಾನು ಕಾಲೇಜಿಗೆ. ತುಂಬಲಿಲ್ಲಂದ್ರ ಡೈರಿಗೆ."

ಸರಿ ಎಂದುಬಿಟ್ಟ. ಅಂದ ಮೇಲೆ, ತಾನು ಎಂಥ ಉರುಲಿಗೆ ಕುತ್ತಿಗೆ ಕೊಟ್ಟೆ ಎಂಬುದು ಹೊಳೆಯಿತು. ಎಮ್ಮೆ ಹಾಲು ಕೊಟ್ಟರೆ ಮಗಳು ಹೋಗುತ್ತಾಳೆ. ಕೊಡದಿದ್ದರೆ ಮಾನ ಹೋಗುತ್ತದೆ.

ಸದ್ಯಕ್ಕೆ ಮಾನವೇ ಹೆಚ್ಚೆನಿಸಿತು. ಮರುದಿನ ಮುಂಜಾನೆ ಕಚ್ಚೆ ಬಿಗಿದು ಕುಳಿತ. ಸಿರಿಗೇರಮ್ಮ ಒಮ್ಮೆ ತಿರುಗಿ ನೋಡಿತು. ಚೊಂಬು ಅಂಗಳದ ಆ ತುದಿಯಲ್ಲಿ ಬಿತ್ತು, ದೊಡ್ಡಬಸಪ್ಪ ಈ ತುದಿಯಲ್ಲಿ.

ಶನಿವಾರ ಚನ್ನವೀರಮ್ಮ ಮಗಳ ದುಪಟ್ಟಾ ತಂದು ಗಂಡನ ತಲೆಗೆ ಸುತ್ತಿದಳು. ಹಿಂಡುವವರ ಬಟ್ಟೆ ಹೊದ್ದರೆ ಎಮ್ಮೆ ಮೋಸ ಹೋಗುತ್ತದೆ ಎಂಬುದು ಊರಿಗೆಲ್ಲ ಗೊತ್ತಿದ್ದ ಉಪಾಯ. ಸಿರಿಗೇರಮ್ಮ ದುಪಟ್ಟಾವನ್ನು ಮೂಸಿ ಕಣ್ಣು ಮುಚ್ಚಿತು. ಮುಂದಕ್ಕೆ ಮೂಸಿದಾಗ ಮೀಸೆ ಸಿಕ್ಕಿತು. ಫೂ ಎಂದು ಸೀನಿ ಮುಖ ತಿರುಗಿಸಿತು. ಡೈರಿಯ ವಿರೂಪಾಕ್ಷಪ್ಪ ಉತ್ತರ ಕೇಳಲು ಬಂದದ್ದು ಸರಿಯಾಗಿ ಆಗಲೇ.

"ಸುಧಾ, ಡೈರಿಗೆ ಯಾವಾಗ ಬರ್ತೀಯವ್ವ?" ಎಂದು ದುಪಟ್ಟಾದ ಬೆನ್ನಿಗೆ ಕೇಳಿದ.

ದುಪಟ್ಟಾ ತಿರುಗಿತು.

ವಿರೂಪಾಕ್ಷಪ್ಪ ಮೀಸೆಯಿಂದ ದುಪಟ್ಟಾದ ತುದಿಯವರೆಗೂ ಒಮ್ಮೆ ನೋಡಿದ. "ಮಾವ, ಹಳದಿ ನಿಮಗ ಒಪ್ಪತೈತಿ ಬಿಡ್ರಿ," ಎಂದು ಬೈಕು ಹತ್ತಿದ. ಸಂಜೆಯೊಳಗೆ ಬಾದನಹಟ್ಟಿಯೆಲ್ಲ ಬಣ್ಣದ ಬಗ್ಗೆಯೇ ಮಾತಾಡಿತು.

ಭಾನುವಾರ ಮುಂಜಾನೆಯೂ ಚೊಂಬು ಖಾಲಿ. ಸಂಜೆ ಕಡೆಯ ಸಲ ದುಪಟ್ಟಾ ಹೊದ್ದು ಕೂರುವಾಗ ಚನ್ನವೀರಮ್ಮನಿಗೆ ಏನೋ ನೆನಪಾಯಿತು. "ಈಕಿ ಸುಮ್ನ ಎಲ್ಲಿ ಹಿಂಡತಿದ್ಲು? ಕೈಯಾಗ ಹಾಲು, ಬಾಯಾಗ ಪಾಠ!"

ನಿಜ. ಸುಧಾರಾಣಿಗೆ ಓದಲು ಬೇರೆ ಹೊತ್ತೇ ಇರಲಿಲ್ಲ. ಕೊಟ್ಟಿಗೆಯ ಗೋಡೆಗೂಡಲ್ಲಿ ಪುಸ್ತಕ ತೆರೆದಿಟ್ಟು, ಗಟ್ಟಿಯಾಗಿ ಓದುತ್ತ ಹಿಂಡುತ್ತಿದ್ದಳು. ಅವಳ ಪಿಯುಸಿಯೆಲ್ಲ ಆ ಎಮ್ಮೆಯ ಕಿವಿಯ ಮೇಲೇ ಆಗಿತ್ತು.

"ಅಂದ್ರ ಈಗ ಇದಕ್ಕ ನಾ ಸಾಲಿ ಕಲಿಸಬೇಕಾ?" ದೊಡ್ಡಬಸಪ್ಪ ಕಣ್ಣರಳಿಸಿದ. ಕುರುಗೋಡಿನ ಹೈಸ್ಕೂಲು ಮುಗಿಸಿದ ಮೇಲೆ ಅವನು ಓದಿದ್ದೆಲ್ಲ ಗೊಬ್ಬರದ ಚೀಲದ ಮೇಲಿನ ಅಕ್ಷರ. ಆದರೂ ಸುಧಾರಾಣಿ ಇತಿಹಾಸದ ಪುಸ್ತಕ ತಂದು ಗೂಡಲ್ಲಿಟ್ಟಳು.

"ಸಿಂಧೂ... ಕಣಿವೆಯ... ಜನರು..."

ಸಿರಿಗೇರಮ್ಮನ ಕಿವಿ ನಿಮಿರಿತು.

"ಸುಟ್ಟ ಇಟ್ಟಿಗೆಯ ಮನೆಗಳನ್ನು..."

ಚೊಂಬಿನ ತಳದಲ್ಲಿ ಸರ್ ಎಂಬ ಸದ್ದಾಯಿತು. ಸುಧಾರಾಣಿ ತಾಯಿಯ ಕೈ ಗಟ್ಟಿಯಾಗಿ ಹಿಡಿದಳು. ದೊಡ್ಡಬಸಪ್ಪ ಓದುತ್ತ ಹೋದ. ನಾಲಿಗೆ ನಿಧಾನಕ್ಕೆ ಸಡಿಲವಾಯಿತು. ಬೀದಿಬೀದಿಗೂ ಮುಚ್ಚಿದ ಚರಂಡಿ ಇತ್ತು ಎಂಬಲ್ಲಿ ತಡೆಯಲಾಗಲಿಲ್ಲ.

"ಏ, ಆ ಕಾಲದಾಗ ಮುಚ್ಚಿದ ಚರಂಡಿ ಇತ್ತಂತಲೇ! ನಮ್ಮ ಪಂಚಾಯ್ತಿಯವರಿಗೆ ಓದಿ ಹೇಳಬೇಕು ಇದನ್ನ!"

ಹಾಲು ನಿಂತಿತು. ಚೊಂಬು ಅರ್ಧವೂ ಆಗಿರಲಿಲ್ಲ.

ಗೆಲ್ಲುವುದು ಹೇಗೆಂದು ದೊಡ್ಡಬಸಪ್ಪನಿಗೆ ಆಗ ತಿಳಿಯಿತು. ಬಾಯಿ ಮುಚ್ಚಿಕೊಂಡು ಕುಳಿತರೆ ಸಾಕು. ಹಿಂಡಲು ಬರುತ್ತದೆಂದು ತೋರಿಸಿಯಾಗಿದೆ, ಮಾನ ಉಳಿದಿದೆ. ಮಗಳೂ ಮನೆಯಲ್ಲೇ ಉಳಿಯುತ್ತಾಳೆ. ಸುಧಾರಾಣಿ ಚೊಂಬನ್ನು ನೋಡುತ್ತಿರಲಿಲ್ಲ, ಅವನ ಬಾಯನ್ನು ನೋಡುತ್ತಿದ್ದಳು.

ಹೈಸ್ಕೂಲು ಮುಗಿಸಿ ಬಂದ ದಿನ ಅವನೂ ತನ್ನ ಅಪ್ಪನ ಬಾಯನ್ನು ಹೀಗೇ ನೋಡಿದ್ದ. "ನೀ ಕಾಲೇಜಿಗೆ ಹೋದ್ರ ಎತ್ತು ಯಾರು ನೋಡಬೇಕು?" ಎಂದಿದ್ದ ಅಪ್ಪ. ಆ ಎತ್ತುಗಳು ಸತ್ತು ಬಹಳ ಕಾಲವಾಗಿತ್ತು.

ದೊಡ್ಡಬಸಪ್ಪ ಗಂಟಲು ಸರಿಮಾಡಿಕೊಂಡ. "ಹಾಳಿ ತಿರುವು," ಎಂದ ಹೆಂಡತಿಗೆ. ಊರಿಗೇ ಕೇಳುವಂತೆ ಮುಂದಿನ ಸಾಲು ಓದಿದ.

"ತುಂಬಿತು, ಸಾಕು," ಎಂದಳು ಚನ್ನವೀರಮ್ಮ.

"ತಡಿಯೇ, ಪಾಠ ಮುಗೀಲಿ!"

ಮರುದಿನ ಅಪ್ಪ ಮಗಳು ಬಳ್ಳಾರಿಗೆ ಹೋಗಿ ಬಂದರು. ಅಂದಿನಿಂದ ಓದೂ ನಡೆದಿದೆ, ದುಪಟ್ಟಾವೂ ಉಳಿದಿದೆ. ಎಮ್ಮೆ ಒಪ್ಪಿದ್ದು ಎರಡರಲ್ಲಿ ಯಾವುದಕ್ಕೋ ಯಾರಿಗೆ ಗೊತ್ತು, ಎರಡೂ ಇರಲಿ ಎಂಬುದು ಚನ್ನವೀರಮ್ಮನ ತೀರ್ಮಾನ.

ಸಂಜೆ ಬಸ್ಸು ಬರುವ ಹೊತ್ತಿಗೆ ದೊಡ್ಡಬಸಪ್ಪ ನಿಲ್ದಾಣದಲ್ಲಿರುತ್ತಾನೆ.

"ದಣಿದು ಬಂದೀಯಪ್ಪ ಹೊಲದಿಂದ. ಸಂಜಿದು ನಾ ಹಿಂಡ್ತೀನಿ ಬಿಡು," ಎನ್ನುತ್ತಾಳೆ ಸುಧಾರಾಣಿ.

"ಬ್ಯಾಡ, ಬ್ಯಾಡ. ಮುಂಜಾನಿ ಕಳಿಂಗ ಯುದ್ಧದಾಗ ನಿಂತೈತಿ. ಅಶೋಕ ಮುಂದ ಏನು ಮಾಡಿದನೋ ಗೊತ್ತಾಗಬೇಕು." ಪುಸ್ತಕಕ್ಕೆಂದು ಅವಳ ಚೀಲದತ್ತ ಕೈ ಚಾಚುತ್ತಾನೆ. ಮಗಳು ನಕ್ಕದ್ದು ಕಂಡರೆ ಮೀಸೆಯ ಮೇಲೆ ಕೈ ಹೋಗುತ್ತದೆ. "ನನಗಲ್ಲಲೇ, ಎಮ್ಮಿಗೆ!"